ಚಿತ್ರಗಳ ಜೊತೆ ಸಂಗೀತ ಹಾಕಿದರೂ ಜನ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ನಮ್ಮದು ಸಣ್ಣ ಕಲಾಸಂಗ್ರಹಾಲಯ. ಒಂದು ದೊಡ್ಡ ಕೋಣೆ, ಪಕ್ಕದಲ್ಲಿ ಚಿಕ್ಕದೊಂದು. ಎರಡರಲ್ಲೂ ಸೇರಿ ನಲವತ್ತು ಚಿಲ್ಲರೆ ಚಿತ್ರಗಳಿವೆ: ತೈಲವರ್ಣದ ನಿಸರ್ಗದೃಶ್ಯಗಳು, ಭಾವಚಿತ್ರಗಳು, ರಾಗಗಳನ್ನು ಮನುಷ್ಯರೂಪದಲ್ಲಿ ಬಿಡಿಸಿದ ಕೆಲವು ಸಣ್ಣ ರಾಗಮಾಲಾ ಮಿನಿಯೇಚರ್‌ಗಳು. ಆರು ತಿಂಗಳಿಂದ ಛಾವಣಿಯ ನಾಲ್ಕು ಮೂಲೆಗಳಲ್ಲಿ ಸ್ಪೀಕರ್ ಇಟ್ಟು ದಿನವಿಡೀ ಮೆಲುವಾಗಿ ವಾದ್ಯಸಂಗೀತ ಹಾಕುತ್ತಿದ್ದೇವೆ. ಬಂದವರು ಚೆನ್ನಾಗಿದೆ ಅನ್ನುತ್ತಾರೆ. ಆದರೆ ಚಿತ್ರದ ಮುಂದೆ ನಿಲ್ಲುವ ಹೊತ್ತು ಒಂದಿಷ್ಟೂ ಹೆಚ್ಚಿಲ್ಲ. ಕಾವಲಿನವರಿಗಂತೂ ತಲೆನೋವು. ನಾವು ಎಲ್ಲಿ ಎಡವಿದ್ದೇವೆ?

ಉತ್ತರ: ನೀವು ಸಂಗೀತ ಹಾಕಿರುವುದು ಕೋಣೆಗೆ. ಚಿತ್ರಗಳಿಗೆ ಇನ್ನೂ ಹಾಕಿಲ್ಲ. ಎಡವಿದ್ದು ಅಲ್ಲೇ.

ನಾಲ್ಕು ಮೂಲೆಯಿಂದ ಬರುವ ದನಿ ನಲವತ್ತು ಚಿತ್ರಗಳಿಗೂ ಒಂದೇ ಆಗಿರುತ್ತದೆ. ಯಾವ ಚಿತ್ರದ ಬಗ್ಗೆಯೂ ಅದು ಏನನ್ನೂ ಹೇಳುವುದಿಲ್ಲ. ಎರಡು ನಿಮಿಷದಲ್ಲಿ ಕಿವಿ ಅದನ್ನು ಫ್ಯಾನಿನ ಸದ್ದಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಹೊರಗೆ ಬರುವಾಗ ಕೇಳಿದರೆ ‘ಚೆನ್ನಾಗಿತ್ತು’ ಅನ್ನುತ್ತಾರೆ, ಏಕೆಂದರೆ ಚೆನ್ನಾಗಿಯೇ ಇತ್ತು. ನೋಡುವ ಕಣ್ಣಿಗೆ ಮಾತ್ರ ಅದರಿಂದ ಏನೂ ಸಿಗಲಿಲ್ಲ.

ಚಿತ್ರದ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅಳೆದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಸರಾಸರಿ 27.2 ಸೆಕೆಂಡ್. ಸರಾಸರಿಯನ್ನು ಮೇಲಕ್ಕೆಳೆದವರು ತುಂಬ ಹೊತ್ತು ನಿಂತ ಕೆಲವೇ ಮಂದಿ. ಅರ್ಧಕ್ಕರ್ಧ ಜನ 17 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ನಿಂತಿದ್ದರು. ಪಕ್ಕದ ಫಲಕ ಓದುವ ಹೊತ್ತೂ ಇದರಲ್ಲೇ ಸೇರಿದೆ. 17 ಸೆಕೆಂಡಿನಲ್ಲಿ ಕಣ್ಣಿಗೆ ಸಿಗುವುದು ಮುಖ, ಅತಿ ಬೆಳಕಿನ ಜಾಗ, ನಡುಮಧ್ಯದ ಆಕೃತಿ. ಚಿತ್ರಕಾರ ಮೂಲೆಯಲ್ಲಿ, ನೆರಳಿನಲ್ಲಿ, ಅಂಚಿನಲ್ಲಿ ಇಟ್ಟದ್ದು ನೋಡದೆಯೇ ಉಳಿಯುತ್ತದೆ. ಸಂಗೀತ ಸಹಾಯಕ್ಕೆ ಬರುವುದು ಇಲ್ಲಿಯೇ. ಹಾಡಿಗೆ, ನಾದಕ್ಕೆ ಒಂದು ಅವಧಿ ಇದೆ. ಅದು ಮುಗಿಯುವವರೆಗೆ ಕಾಲು ಕದಲುವುದಿಲ್ಲ. ಆ ಅವಧಿಯೊಳಗೆ ಕಣ್ಣನ್ನು ಯಾವುದರ ಕಡೆಗೆ ನಡೆಸುತ್ತೀರಿ ಎಂಬುದನ್ನು ಮೊದಲೇ ಯೋಚಿಸಿರಬೇಕು.

ತಡವಾಗಿ ಕಾಣುವುದನ್ನು ಹುಡುಕಿ

ಸಂಗೀತ ಆರಿಸುವ ಮೊದಲು ಚಿತ್ರದ ಮುಂದೆ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಕೂರಿ. ಕಣ್ಣಿಗೆ ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆದುಕೊಳ್ಳಿ. ಚಿತ್ರ ಗೊತ್ತಿಲ್ಲದ ಇಬ್ಬರು ಮೂವರಿಂದಲೂ ಹೀಗೇ ಬರೆಸಿ. ಎಲ್ಲರ ಪಟ್ಟಿಯಲ್ಲೂ ಕೊನೆಗೆ ಬಂದದ್ದು, ಅಥವಾ ಕೆಲವರ ಪಟ್ಟಿಯಲ್ಲಿ ಬಾರದೇ ಹೋದದ್ದು ಯಾವುದು? ಒಂದು ನಿಸರ್ಗದೃಶ್ಯ ಎಂದಿಟ್ಟುಕೊಳ್ಳಿ: ಹೊಳೆ, ಬೆಟ್ಟ, ಸಂಜೆಗೆಂಪು ಎಲ್ಲರಿಗೂ ಕಂಡಿರುತ್ತದೆ. ಎಡಗಡೆ ಮರದ ಕಪ್ಪಿನಲ್ಲಿ ಉಗುರಿನಷ್ಟಿರುವ ದೋಣಿ, ಅದರಲ್ಲಿ ಬಾಗಿ ಕೂತ ಮನುಷ್ಯ ಕಂಡಿರುವುದಿಲ್ಲ. ನಿಮ್ಮ ಸಂಗೀತದ ಗುರಿ ಆ ದೋಣಿ.

ಬಹಳ ಮಂದಿ ಇದಕ್ಕೆ ತದ್ವಿರುದ್ಧವಾಗಿ ಹೊರಡುತ್ತಾರೆ. ಸಂಜೆಗೆಂಪು ಇದೆ, ವಿಷಾದದ ಸಂಗೀತ ಹಾಕೋಣ. ಹಳದಿ ಹೊಲ ಇದೆ, ಚುರುಕಾದದ್ದು ಹಾಕೋಣ ಎನ್ನುತ್ತಾರೆ. ಬಣ್ಣಕ್ಕೂ ರಾಗಕ್ಕೂ ಭಾವದ ಮೂಲಕ ನಂಟಿರುವುದು ನಿಜ. ಮನೋವಿಜ್ಞಾನಿ ಸ್ಟೀಫನ್ ಪಾಮರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಾಖ್, ಮೊಜಾರ್ಟ್, ಬ್ರಾಮ್ಸ್ ಕೃತಿಗಳ ತುಣುಕು ಕೇಳಿದವರು ಚುರುಕಾದ, ಮೇಜರ್ ಶ್ರೇಣಿಯ (ಪಾಶ್ಚಾತ್ಯರಲ್ಲಿ ಉಲ್ಲಾಸದ್ದೆನಿಸುವ ಸ್ವರಶ್ರೇಣಿ) ಸಂಗೀತಕ್ಕೆ ಕಳೆಯೇರಿದ, ತಿಳಿಯಾದ, ಹಳದಿಯತ್ತ ವಾಲುವ ಬಣ್ಣಗಳನ್ನೂ, ನಿಧಾನವಾದ, ವಿಷಾದದ್ದೆನಿಸುವ ಮೈನರ್ ಶ್ರೇಣಿಗೆ ಮಂಕಾದ, ನೀಲಿಯತ್ತ ವಾಲುವ ಬಣ್ಣಗಳನ್ನೂ ಆರಿಸಿದರು. ಹೊಂದಿಕೆ ಇದೆ ಎಂಬುದಕ್ಕೆ ಇದು ಒಳ್ಳೆಯ ಆಧಾರ. ಆದರೆ ಹೊಂದಿಸಿದ ಮಾತ್ರಕ್ಕೆ ಪ್ರೇಕ್ಷಕನಿಗೆ ಹೊಸದೇನೂ ಕಾಣುವುದಿಲ್ಲ. ಸಂಜೆಯ ಬೇಸರ ಅವನಿಗೆ ಮೊದಲ ಐದು ಸೆಕೆಂಡಿನಲ್ಲೇ ಗೊತ್ತಾಗಿತ್ತು. ನೀವು ಅದನ್ನೇ ಇನ್ನೊಮ್ಮೆ ಹೇಳಿದಿರಿ. ಭಾವದ ಹೊಂದಿಕೆ ಅಡಿಗಟ್ಟಾಗಿ ಇರಲಿ, ಕೆಲಸ ಅಲ್ಲಿಗೇ ನಿಲ್ಲದಿರಲಿ.

ಕೆಲವು ಚಿತ್ರಗಳು ತಮ್ಮ ಸಂಗೀತವನ್ನು ತಾವೇ ಹೊತ್ತು ಬಂದಿರುತ್ತವೆ. ಇಟಲಿಯ ಕರವಾಜ್ಜೊ ಬೈಬಲ್ ಕಥೆಯಿಂದ ಚಿತ್ರಿಸಿದ ‘ಈಜಿಪ್ಟಿಗೆ ಪಲಾಯನದ ನಡುವಿನ ವಿಶ್ರಾಂತಿ’ಯಲ್ಲಿ ದೇವದೂತ ಪಿಟೀಲು ನುಡಿಸುತ್ತಿದ್ದಾನೆ, ಜೋಸೆಫ್ ಸ್ವರಪುಸ್ತಕ ಹಿಡಿದಿದ್ದಾನೆ. ಆ ಪುಟದ ಸ್ವರಲಿಪಿ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದು ನೋಯೆಲ್ ಬೌಲ್ಡೆವೈನ್ ರಚಿಸಿದ ಒಂದು ಮೋಟೆಟ್ (ಹಲವು ದನಿಗಳ ಚರ್ಚ್ ಗೀತೆ) ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಂಥಲ್ಲಿ ಬೇರೆ ಸಂಗೀತ ಹುಡುಕಲು ಹೋಗಬಾರದು. ನಿಮ್ಮ ಭಾವಚಿತ್ರಗಳಲ್ಲೂ ಯಾರ ಕೈಯಲ್ಲಾದರೂ ವಾದ್ಯವಿದ್ದರೆ, ಅದು ಯಾವ ವಾದ್ಯ, ಎಷ್ಟು ತಂತಿ, ಬೆರಳು ಎಲ್ಲಿದೆ ಎಂದು ಆ ವಾದ್ಯ ನುಡಿಸುವವರನ್ನು ಕರೆಸಿ ತೋರಿಸಿ. ಬೆರಳು ಇರುವ ಜಾಗದ ಸ್ವರದಿಂದಲೇ ಸಂಗೀತ ಶುರು ಮಾಡಬಹುದು.

ಒಂದು ಚಿತ್ರ, ಎರಡೂವರೆ ನಿಮಿಷ

ವಿಧಾನ ಸ್ಪಷ್ಟವಾಗಲೆಂದು ಎಲ್ಲರೂ ಅಂತರ್ಜಾಲದಲ್ಲಿ ದೊಡ್ಡದು ಮಾಡಿ ನೋಡಬಹುದಾದ ಒಂದು ಚಿತ್ರ ತೆಗೆದುಕೊಳ್ಳೋಣ: ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಹಾನ್ಸ್ ಹೋಲ್ಬೈನ್ 1533ರಲ್ಲಿ ಬರೆದ ‘ರಾಯಭಾರಿಗಳು’. ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದಗಲದ ಹಲಗೆ. ಇಬ್ಬರು ಗಂಡಸರು ಒಂದು ಎತ್ತರದ ಮೇಜಿನ ಇಕ್ಕೆಲಗಳಲ್ಲಿ ನಿಂತಿದ್ದಾರೆ. ಮೇಲಿನ ಅಂತಸ್ತಿನಲ್ಲಿ ಖಗೋಳದ ಉಪಕರಣಗಳು. ಕೆಳಗಿನ ಅಂತಸ್ತಿನಲ್ಲಿ ಭೂಗೋಳ, ಗಣಿತದ ಪುಸ್ತಕ, ಲ್ಯೂಟ್ ಎಂಬ ತಂತಿವಾದ್ಯ, ಕೊಳಲುಗಳ ಚೀಲ, ತೆರೆದಿಟ್ಟ ಲೂಥರನ್ ಸ್ತೋತ್ರಪುಸ್ತಕ. ಲ್ಯೂಟಿನ ಒಂದು ತಂತಿ ಕಡಿದಿದೆ. ಕಾಲ ಬಳಿ ಅಡ್ಡಡ್ಡಲಾಗಿ ಎಳೆದಂಥ ಬೂದುಬಣ್ಣದ ಒಂದು ಆಕಾರ. ಚಿತ್ರದ ಬಲ ಅಂಚಿಗೆ ಸರಿದು ಓರೆಯಾಗಿ ನೋಡಿದರೆ ಅದು ತಲೆಬುರುಡೆ. ಎಡ ಮೇಲ್ತುದಿಯಲ್ಲಿ ಹಸಿರು ಪರದೆಯ ಹಿಂದೆ ಅರ್ಧ ಮರೆಯಾದ ಶಿಲುಬೆ.

ತಡವಾಗಿ ಕಾಣುವವು ಮೂರು: ಕಡಿದ ತಂತಿ, ಬುರುಡೆ, ಶಿಲುಬೆ. ಮೂರನ್ನೂ ಎರಡೂವರೆ ನಿಮಿಷದಲ್ಲಿ ತುರುಕಿದರೆ ಯಾವುದೂ ನಾಟುವುದಿಲ್ಲ, ಹಾಗಾಗಿ ಎರಡನ್ನು ಆರಿಸಿಕೊಳ್ಳಬೇಕು. ಸಂಗೀತವನ್ನು ಹೀಗೆ ಕಟ್ಟಬಹುದು.

ಮೊದಲ 30 ಸೆಕೆಂಡ್ ಏನೂ ಇಲ್ಲ. ಇದನ್ನು ಬಿಡಬೇಡಿ, ಪ್ರೇಕ್ಷಕ ತನ್ನ ಕಣ್ಣಿನಿಂದ ಒಂದು ಸುತ್ತು ಹಾಕಿ ಬರಲಿ. 0:30ಕ್ಕೆ ಒಂಟಿ ಲ್ಯೂಟ್, ಸರಳವಾದ ಎಂಟು ಸ್ವರಗಳ ಒಂದು ಸಾಲು, ಮೂರು ಸಲ, ಪ್ರತಿ ಸಲವೂ ಸುಮಾರು 12 ಸೆಕೆಂಡ್. ಮೂರನೆಯ ಸಲಕ್ಕೆ ಕಿವಿ ಸಾಲನ್ನು ಕಲಿತಿರುತ್ತದೆ. 1:06ಕ್ಕೆ ಅದೇ ಸಾಲು, ಆದರೆ ಐದನೆಯ ಸ್ವರ ಇಲ್ಲ. ಅದರ ಜಾಗದಲ್ಲಿ ಅಷ್ಟೇ ಹೊತ್ತಿನ ಖಾಲಿ. ಮತ್ತೊಮ್ಮೆ ಅದೇ ಖಾಲಿ. ಎರಡನೆಯ ಸಲ ಕೇಳಿದಾಗ ಹೆಚ್ಚಿನವರ ಕಣ್ಣು ತಾನಾಗಿ ವಾದ್ಯದ ಕಡೆ ಹೋಗುತ್ತದೆ, ತಂತಿ ಎಣಿಸುತ್ತದೆ. ಯಾವ ಫಲಕವೂ ‘ತಂತಿ ಕಡಿದಿದೆ ನೋಡಿ’ ಎಂದು ಹೇಳದೆಯೇ ಅದು ಕಾಣುತ್ತದೆ. ತಾನೇ ಕಂಡುಕೊಂಡದ್ದು ನೆನಪಿನಲ್ಲಿ ನಿಲ್ಲುವ ಬಗೆಯೇ ಬೇರೆ.

1:35ರಿಂದ ಲ್ಯೂಟ್ ಹಿಂದೆ ಸರಿಯುತ್ತದೆ. ಬಲಗಡೆಯ ಸ್ಪೀಕರಿನಿಂದ ಮಾತ್ರ, ಮೊದಲಿಗಿಂತ ಕಡಿಮೆ ದನಿಯಲ್ಲಿ, ತಗ್ಗಿನ ಒಂದೇ ಸ್ವರ ಎಳೆದು ಹಿಡಿಯಿರಿ. ಇಷ್ಟು ಸಣ್ಣ ದನಿ ಸರಿಯಾಗಿ ಕೇಳಬೇಕಾದರೆ ಎರಡು ಹೆಜ್ಜೆ ಬಲಕ್ಕೆ ಹೋಗಬೇಕು. ಹೋದವರಿಗೆ ಬುರುಡೆ ಎದ್ದು ಬರುತ್ತದೆ. ಸಂಗೀತ ಇಲ್ಲಿ ಕಾಲನ್ನು ನಡೆಸಿತು. 2:15ಕ್ಕೆ ಎಲ್ಲ ನಿಲ್ಲುತ್ತದೆ. ಕೊನೆಯ 15 ಸೆಕೆಂಡ್ ಮತ್ತೆ ಮೌನ.

ಕಡಿದ ತಂತಿಯನ್ನು ಹಿಡಿದು ಹೊರಟವರು ಹಿಂದೆಯೂ ಇದ್ದಾರೆ. ಇದೇ ಗ್ಯಾಲರಿ 2015ರಲ್ಲಿ ‘ಸೌಂಡ್‌ಸ್ಕೇಪ್ಸ್’ ಎಂಬ ಪ್ರದರ್ಶನದಲ್ಲಿ ಆರು ಚಿತ್ರಗಳಿಗೆ ಆರು ಮಂದಿ ಸಂಗೀತಗಾರ-ಧ್ವನಿಕಲಾವಿದರಿಂದ ಹೊಸ ಕೃತಿ ಮಾಡಿಸಿತ್ತು. ‘ರಾಯಭಾರಿಗಳು’ ಸೂಸನ್ ಫಿಲಿಪ್ಸ್ ಪಾಲಿಗೆ ಬಂದಿತ್ತು. ಅವರು ಆ ತಂತಿಯನ್ನೇ ಕೇಂದ್ರವಾಗಿಟ್ಟು ಪಿಟೀಲಿನ ಸ್ವರಗಳಿಂದ ಕೃತಿ ಕಟ್ಟಿದರು. ಪ್ರದರ್ಶನದ ಬಗ್ಗೆ ವಿಮರ್ಶಕರಲ್ಲಿ ಒಮ್ಮತ ಬರಲಿಲ್ಲ. ಚಿತ್ರಕ್ಕೆ ಸಂಗೀತದ ಹಂಗೇಕೆ ಎಂಬುದೇ ಟೀಕೆಯ ತಿರುಳಾಗಿತ್ತು. ಆ ಟೀಕೆಯನ್ನು ತಳ್ಳಿಹಾಕಬೇಡಿ. ಚಿತ್ರಕ್ಕೆ ಹಂಗಿಲ್ಲ, ನಿಜ. ಹಂಗಿರುವುದು 17 ಸೆಕೆಂಡಿನಲ್ಲಿ ಮುಂದೆ ಸಾಗುವ ನಮ್ಮ ಕಣ್ಣಿಗೆ. ಅದಕ್ಕೇ ಸಂಗೀತ ಮುಗಿದ ಮೇಲೂ ಚಿತ್ರದ ಮುಂದೆ ನಿಲ್ಲಬೇಕೆನ್ನಿಸುವಂತೆ ಕೊನೆಯ ಮೌನ ಇರಬೇಕು.

ವಿವರವೇ ಇಲ್ಲದ ಚಿತ್ರಗಳಿಗೆ ಈ ಸೂತ್ರ ನಡೆಯದು. ದೊಡ್ಡ ಬಣ್ಣದ ಹರವು ಮಾತ್ರ ಇರುವಲ್ಲಿ ತಡವಾಗಿ ಕಾಣುವುದು ವಸ್ತುವಲ್ಲ, ಬಣ್ಣದೊಳಗಿನ ಬಣ್ಣ. ಅದಕ್ಕೆ ಕಣ್ಣು ಹೊಂದಿಕೊಳ್ಳಲು ನಿಮಿಷಗಟ್ಟಲೆ ಹೊತ್ತು ಬೇಕು. ಹ್ಯೂಸ್ಟನ್ನಿನ ರಾತ್ಕೊ ಚಾಪೆಲ್‌ನಲ್ಲಿ ಮಾರ್ಕ್ ರಾತ್ಕೊ ಬರೆದ 14 ಕಡುಬಣ್ಣದ ಚಿತ್ರಗಳಿವೆ. 1971ರಲ್ಲಿ ಅದು ತೆರೆದ ಮೇಲೆ ಅಮೆರಿಕದ ಸಂಗೀತ ರಚನಕಾರ ಮಾರ್ಟನ್ ಫೆಲ್ಡ್‌ಮನ್ ಆ ಜಾಗಕ್ಕೆಂದೇ ಸುಮಾರು ಅರ್ಧ ಗಂಟೆಯ ಕೃತಿ ರಚಿಸಿದರು. ವಯೋಲ, ಸೆಲೆಸ್ಟಾ, ತಾಳವಾದ್ಯ, ಗಾಯನವೃಂದ, ಎಲ್ಲವೂ ಮೆಲ್ಲಗೆ, ನಡುನಡುವೆ ಉದ್ದುದ್ದ ಬಿಡುವು. ಅಲ್ಲಿ ಸಂಗೀತ ಏನನ್ನೂ ತೋರಿಸುವುದಿಲ್ಲ, ಅವಸರವನ್ನು ಇಳಿಸುತ್ತದೆ. ನಿಮ್ಮಲ್ಲಿ ಅಂಥ ಅಮೂರ್ತ ಚಿತ್ರ ಒಂದಾದರೂ ಇದ್ದರೆ ಅದರ ಮುಂದೆ ಬೆಂಚು ಹಾಕಿ, ಎಂಟು ಹತ್ತು ನಿಮಿಷದ ಕೃತಿ ಇಡಿ.

ರಾಗಮಾಲೆಯಲ್ಲಿ ಹೆಸರು ನಂಬಬೇಡಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ರಾಗಮಾಲಾ ಚಿತ್ರಗಳ ವಿಷಯದಲ್ಲಿ ತಪ್ಪು ಮಾಡುವುದು ಅತಿ ಸುಲಭ. ಚಿತ್ರದ ಮೇಲೇ ರಾಗದ ಹೆಸರು ಬರೆದಿರುತ್ತದೆ. ತೋಡಿ ಎಂದಿದೆ, ತೋಡಿ ಹಾಕಿದರಾಯಿತು ಅನ್ನಿಸುತ್ತದೆ.

ಯಾವ ತೋಡಿ? ಕರ್ನಾಟಕ ಸಂಗೀತದ ತೋಡಿ ಎಂಟನೆಯ ಮೇಳವಾದ (ಮೂಲ ಸ್ವರಶ್ರೇಣಿ) ಹನುಮತೋಡಿ. ಅದರ ಸ್ವರಗಳು ಹಿಂದೂಸ್ತಾನಿಯ ಭೈರವಿ ಥಾಟಿನವು (ಅಲ್ಲಿ ಮೇಳದಂಥದ್ದಕ್ಕೆ ಥಾಟ್ ಎನ್ನುತ್ತಾರೆ). ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ಹಿಂದೋಳದ ಕಥೆಯೂ ಇದೇ: ಕರ್ನಾಟಕದ ಹಿಂದೋಳ ಹಿಂದೂಸ್ತಾನಿಯಲ್ಲಿ ಮಾಲಕೌಂಸ್‌ಗೆ ಹತ್ತಿರ, ಹಿಂದೂಸ್ತಾನಿಯ ಹಿಂದೋಲ್ ಬೇರೆಯೇ ರಾಗ, ತೀವ್ರ ಮಧ್ಯಮದ್ದು. ಉಯ್ಯಾಲೆಯಲ್ಲಿ ಕೂತ ಹಿಂದೋಲ ರಾಗದ ವಸಂತದ ಚಿತ್ರಕ್ಕೆ ರಾತ್ರಿಯ ಗಾಂಭೀರ್ಯದ ಮಾಲಕೌಂಸ್ ಛಾಯೆ ಹಾಕಿದರೆ ಬಲ್ಲವರಿಗೆ ಕಸಿವಿಸಿಯಾಗುತ್ತದೆ, ಅರಿಯದವರಿಗೆ ಚಿತ್ರ ಅರ್ಥವಾಗುವುದಿಲ್ಲ. ರಾಗಮಾಲೆಗಳು ಹೆಚ್ಚಾಗಿ ರಾಜಸ್ಥಾನ, ದಖ್ಖನ್, ಪಹಾಡಿ ಆಸ್ಥಾನಗಳಲ್ಲಿ ಬರೆದವು. 16ನೆಯ ಶತಮಾನದಿಂದ 19ರವರೆಗೆ ಆ ಪರಂಪರೆ ನಡೆಯಿತು. ಈ ಅವಧಿಯಲ್ಲಿ ಹೆಸರು ಉಳಿದು ಸ್ವರ ಬದಲಾದ ರಾಗಗಳು ಹಲವು. ಹಾಗಾಗಿ ಇಂದಿನ ಯಾವುದೇ ರಾಗವನ್ನು ಹಾಕಿದರೂ ಅದು ನಿಮ್ಮ ಆಯ್ಕೆ. ‘ಚಿತ್ರಕಾರ ಕೇಳಿದ್ದು ಇದನ್ನೇ’ ಎಂದು ಫಲಕದಲ್ಲಿ ಬರೆಯಬೇಡಿ. ‘ಇಂದು ಈ ಹೆಸರಿನಿಂದ ಹಾಡುವ ರಾಗ’ ಎಂದು ಬರೆಯಿರಿ, ಸಾಕು.

ಹೆಸರಿಗಿಂತ ಚಿತ್ರ ಹೆಚ್ಚು ಹೇಳುತ್ತದೆ. ತೋಡಿ ರಾಗಿಣಿಯ ಚಿತ್ರದಲ್ಲಿ ಹೆಣ್ಣೊಬ್ಬಳು ಎರಡು ಸೋರೆಬುರುಡೆಯ ವೀಣೆ ಹಿಡಿದು ನಿಂತಿರುತ್ತಾಳೆ, ಜಿಂಕೆಗಳು ಸುತ್ತ ಸೇರಿರುತ್ತವೆ. ಅವಳು ಮೊದಲು ಕಾಣುತ್ತಾಳೆ, ಜಿಂಕೆಗಳು ಆಮೇಲೆ, ಜಿಂಕೆಗಳ ಎತ್ತಿದ ಕಿವಿ ಎಲ್ಲಕ್ಕಿಂತ ಕೊನೆಗೆ. ಹಾಗಾದರೆ ಇಲ್ಲಿ ಬೇಕಾದದ್ದು ಕಿವಿ ನಿಮಿರಿಸಿ ಕೇಳಬೇಕಾದ ನಾದ: ರುದ್ರವೀಣೆಯ ಆಲಾಪ, ಮಂದ್ರದಲ್ಲಿ ಶುರುವಾಗಿ ಒಂದೊಂದೇ ಸ್ವರ ಏರುವಂಥದು. ತಬಲ, ಪಖಾವಜ್ ಬೇಡ. ಸ್ವರ ಸ್ವರಗಳ ನಡುವಿನ ಮೌನದಲ್ಲಿ ಪ್ರೇಕ್ಷಕನೂ ಜಿಂಕೆಯಂತೆ ನಿಲ್ಲುತ್ತಾನೆ. ಈ ಚಿತ್ರಗಳಿಗಿಂತ ಸಂಗೀತಕ್ಕೆ ಹತ್ತಿರವಾದ ಚಿತ್ರಗಳು ಜಗತ್ತಿನಲ್ಲಿ ಸಿಗುವುದು ಕಷ್ಟ. ನಿಮ್ಮ ಸಂಗ್ರಹದಲ್ಲಿ ಅವು ಇರುವುದು ಭಾಗ್ಯ. ಮೊದಲ ಪ್ರಯತ್ನ ಇವುಗಳಿಂದಲೇ ಆಗಲಿ.

ಮಿನಿಯೇಚರ್ ಅಂಗೈಗಿಂತ ತುಸು ದೊಡ್ಡದು. ಒಂದಡಿ ದೂರದಿಂದ ಒಬ್ಬರೇ ನೋಡಬೇಕು. ಇದಕ್ಕೆ ಸ್ಪೀಕರ್ ಸಲ್ಲದು. ಟೆಲಿಫೋನ್ ರಿಸೀವರಿನಂತೆ ಒಂದೇ ಕಿವಿಗೆ ಹಿಡಿಯುವ ಹ್ಯಾಂಡ್‌ಸೆಟ್ ಉತ್ತಮ: ಎತ್ತಿಕೊಂಡರೆ ಶುರು, ಇಟ್ಟರೆ ನಿಲ್ಲುವಂತೆ ಸ್ವಿಚ್. ಮಕ್ಕಳಿಗೂ ಗಾಲಿಕುರ್ಚಿಯವರಿಗೂ ಎಟುಕಲು ನೆಲದಿಂದ 100–110 ಸೆಂಟಿಮೀಟರ್ ಎತ್ತರದಲ್ಲಿ ನೇತುಹಾಕಿ. ಕಾಗದದ ಮೇಲಿನ ಚಿತ್ರಗಳಿಗೆ ಬೆಳಕು 50 ಲಕ್ಸ್ ಮೀರಬಾರದೆಂಬುದು ರೂಢಿ. ಹ್ಯಾಂಡ್‌ಸೆಟ್ಟಿನ ಸೂಚಕ ದೀಪ ಚಿತ್ರದ ಗಾಜಿನಲ್ಲಿ ಪ್ರತಿಫಲಿಸದಂತೆ ನೋಡಿಕೊಳ್ಳಿ.

ಕೋಣೆಯ ಲೆಕ್ಕ

ಈಗ ನಿಮ್ಮ ದೊಡ್ಡ ಕೋಣೆಗೆ ಬರೋಣ. ಅಳತೆ ನೀವು ಕೊಟ್ಟಿಲ್ಲ. 10 ಮೀಟರ್ ಉದ್ದ, 8 ಅಗಲ, 4 ಎತ್ತರ ಎಂದಿಟ್ಟುಕೊಂಡರೆ 320 ಘನ ಮೀಟರ್. ಕಲ್ಲು ನೆಲ, ಗಾರೆ ಗೋಡೆ ಇರುವ ಇಂಥ ಕೋಣೆಯಲ್ಲಿ ಅನುರಣನ ಕಾಲ, ಅಂದರೆ ಸದ್ದು ನಿಂತ ಮೇಲೆ ಅದರ ಗುಂಯ್ ಎನ್ನುವುದು 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತು, 2 ಸೆಕೆಂಡ್ ಇರುವುದು ಸಾಮಾನ್ಯ. ಕೋಣೆ ಖಾಲಿ ಇರುವಾಗ ಜೋರಾಗಿ ಒಂದು ಚಪ್ಪಾಳೆ ತಟ್ಟಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಲೆಯ ಚಿತ್ರ ನೋಡಿದರೆ ಅಂದಾಜು ಸಿಗುತ್ತದೆ.

ಸ್ಪೀಕರಿನಿಂದ ನೇರವಾಗಿ ಬರುವ ದನಿಗಿಂತ ಗೋಡೆಗೆ ಬಡಿದು ಬರುವ ದನಿ ಹೆಚ್ಚಾಗುವ ದೂರವೊಂದಿದೆ. ಎಲ್ಲ ದಿಕ್ಕಿಗೂ ಸಮನಾಗಿ ದನಿ ಹರಡುವ ಸ್ಪೀಕರಿಗೆ ಲೆಕ್ಕ ಸರಳ: ಘನ ಅಳತೆಯನ್ನು ಅನುರಣನ ಕಾಲದಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸಿ. 320ನ್ನು 2ರಿಂದ ಭಾಗಿಸಿದರೆ 160, ವರ್ಗಮೂಲ 12.6, ಉತ್ತರ ಸುಮಾರು 70 ಸೆಂಟಿಮೀಟರ್. ಅಂದರೆ ನಿಮ್ಮ ಛಾವಣಿಯ ಸ್ಪೀಕರುಗಳಿಂದ ಮುಕ್ಕಾಲು ಮೀಟರ್ ಆಚೆ ನಿಂತವರೆಲ್ಲ ಕೇಳುತ್ತಿರುವುದು ಸಂಗೀತಕ್ಕಿಂತ ಹೆಚ್ಚಾಗಿ ಅದರ ಗುಂಯ್‌ಗಾನ. ಕಾವಲಿನವರ ತಲೆನೋವಿಗೆ ದಿನವಿಡೀ ಅದೇ ಪಟ್ಟಿ ತಿರುಗುವುದರ ಜೊತೆಗೆ ಇದೂ ಕಾರಣ. ದನಿ ಕಡಿಮೆ ಮಾಡಿದರೂ ಈ ಪ್ರಮಾಣ ಬದಲಾಗುವುದಿಲ್ಲ.

ಪರಿಹಾರ ಎರಡು, ಎರಡೂ ಬೇಕು. ಒಂದು, ಸ್ಪೀಕರನ್ನು ಕೇಳುವವರ ಹತ್ತಿರ ತನ್ನಿ. ಆರಿಸಿದ ಚಿತ್ರದ ಮುಂದೆ ಜನ ನಿಲ್ಲುವ ಜಾಗಕ್ಕೆ ನೇರ ಮೇಲೆ, ತಲೆಯಿಂದ ಒಂದು ಮೀಟರ್ ಎತ್ತರದಲ್ಲಿ, ದನಿಯನ್ನು ಕೆಳಮುಖವಾಗಿ ಹಿಡಿದಿಡುವ ಗುಮ್ಮಟ ಸ್ಪೀಕರ್ ಅಥವಾ ಕಿರಿದಾದ ದಿಕ್ಕಿನ ಸ್ಪೀಕರ್ ಹಾಕಿ. ಎರಡು, ಗೋಡೆ ಛಾವಣಿಗಳ ಗುಂಯ್ ಹೀರಿಸಿ. ಅನುರಣನವನ್ನು 2 ಸೆಕೆಂಡಿನಿಂದ 1ಕ್ಕೆ ಇಳಿಸಲು ಈ ಅಳತೆಯ ಕೋಣೆಯಲ್ಲಿ 5 ಸೆಂಟಿಮೀಟರ್ ದಪ್ಪದ ಖನಿಜ ಉಣ್ಣೆಯ ಫಲಕ ಸುಮಾರು 30 ಚದರ ಮೀಟರ್ ಬೇಕು. ಛಾವಣಿಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಗೋಡೆ ಚಿತ್ರಗಳದ್ದು, ಫಲಕ ಛಾವಣಿಗೇ ಇರಲಿ. ಹಣ ಸಾಲದಿದ್ದರೆ ದಪ್ಪ ನೆಲಹಾಸು, ಬಟ್ಟೆ ಹೊದಿಸಿದ ಬೆಂಚುಗಳಿಂದ ಶುರು ಮಾಡಿ. ಅವು ಮುಖ್ಯವಾಗಿ ಮೇಲಿನ ಸ್ಥಾಯಿಯ ಸದ್ದನ್ನು ಹೀರುತ್ತವೆ, ತಗ್ಗಿನ ಗುಂಯ್ ಉಳಿಯುತ್ತದೆ. ಆದರೂ ಮಾತಿನ ಗದ್ದಲ ಇಳಿಯುತ್ತದೆ.

ದನಿಯ ಮಟ್ಟ ಕೇಳುವ ಜಾಗದಲ್ಲಿ 55 ಡೆಸಿಬೆಲ್ ಆಸುಪಾಸು ಇರಲಿ, ಮೂರು ಮೀಟರ್ ಆಚೆ ಕೋಣೆಯ ಸಹಜ ಸದ್ದಿನಲ್ಲಿ ಮುಳುಗಿ ಹೋಗಲಿ. ಪಕ್ಕದ ಚಿತ್ರದ ಮುಂದೆ ನಿಂತಾಗ ಮೊದಲ ಚಿತ್ರದ ಸಂಗೀತ ಗುರುತು ಸಿಗುತ್ತಿದ್ದರೆ ಎರಡರಲ್ಲಿ ಒಂದನ್ನು ಹೆಡ್‌ಫೋನಿಗೆ ಬದಲಿಸಿ. ಒಂದೇ ಕೋಣೆಯಲ್ಲಿ ತೆರೆದ ಸ್ಪೀಕರ್ ಇರುವ ಚಿತ್ರ ಒಂದೇ ಇರುವುದು ಒಳ್ಳೆಯದು. ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಶ್ರಾವ್ಯ ಮಟ್ಟಕ್ಕೆ, ಉದಾಹರಣೆಗೆ ಯುರೋಪಿನ ಪ್ರಸಾರ ಕೇಂದ್ರಗಳು ದನಿಯ ಜೋರಿನ ಅಳತೆಯಾಗಿ ಬಳಸುವ ಮೈನಸ್ 23 ಎಲ್‌ಯುಎಫ್‌ಎಸ್‌ಗೆ ತಂದು, ಆಮೇಲೆ ಆಂಪ್ಲಿಫೈಯರಿನಲ್ಲಿ ದನಿ ಹೊಂದಿಸಿ ಗುಂಡಿಗೆ ಬೀಗ ಹಾಕಿ.

ಕ್ಯಾನ್ವಾಸನ್ನು ಮರೆಯಬೇಡಿ. ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಎಂದರೆ ಒಂದು ಬಗೆಯ ಚರ್ಮವಾದ್ಯವೇ. ತಗ್ಗಿನ ಕಂಪನಕ್ಕೆ ಅದು ಮಿಡಿಯುತ್ತದೆ. ಹಳೆಯ, ಬಿರುಕು ಬಿಟ್ಟ ಬಣ್ಣದ ಪದರಕ್ಕೆ ದಿನಗಟ್ಟಲೆ ಅಂಥ ಮಿಡಿತ ಒಳ್ಳೆಯದಲ್ಲ. ಆದ್ದರಿಂದ ಚಿತ್ರ ನೇತುಹಾಕಿದ ಗೋಡೆಗೆ ಸ್ಪೀಕರ್ ಬಿಗಿಯಬಾರದು, ಸಬ್‌ವೂಫರ್ ಕೋಣೆಗೇ ಬರಬಾರದು, 100 ಹರ್ಟ್ಜ್‌ಗಿಂತ ಕೆಳಗಿನದನ್ನು ಫಿಲ್ಟರ್ ಹಾಕಿ ಕತ್ತರಿಸಬೇಕು. ಪ್ಯಾಸ್ಟೆಲ್, ಇದ್ದಿಲು, ಬಣ್ಣ ಎದ್ದು ಬರುತ್ತಿರುವ ಚಿತ್ರಗಳ ಹತ್ತಿರ ಹೆಡ್‌ಫೋನ್ ಮಾತ್ರ. ಮೊದಲ ದಿನ 100ರಿಂದ 400 ಹರ್ಟ್ಜ್‌ವರೆಗೆ ಮೆಲ್ಲಗೆ ಏರುವ ಒಂದೇ ಸ್ವರ ನುಡಿಸಿ ಕಿವಿಗೊಡಿ. ಎಲ್ಲಾದರೂ ಜಿರ್ರ್ ಎಂದು ಕೇಳಿದರೆ ಯಾವುದೋ ಚೌಕಟ್ಟಿನ ಗಾಜು, ಹಿಂಬದಿಯ ಹಲಗೆ ಅಥವಾ ಕೊಕ್ಕೆ ಸಡಿಲವಿದೆ. ಸಂರಕ್ಷಕರನ್ನು ಕರೆಸಿ ಸರಿಪಡಿಸಿದ ಮೇಲೇ ಮುಂದಿನ ಮಾತು.

ಸಂಗೀತ ದಿನವಿಡೀ ಹರಿಯುವುದು ನಿಲ್ಲಲಿ. ಬೆಂಚಿನ ಬಳಿ ಒಂದು ಗುಂಡಿ ಇಡಿ. ಒತ್ತಿದರೆ ಎರಡೂವರೆ ನಿಮಿಷ ನುಡಿಯುತ್ತದೆ, ಮುಗಿದ ಮೇಲೆ ಕನಿಷ್ಠ ಎರಡು ನಿಮಿಷ ಗುಂಡಿ ಕೆಲಸ ಮಾಡುವುದಿಲ್ಲ. ಕಾವಲಿನವರು ಗಂಟೆಗೊಮ್ಮೆ ಕೋಣೆ ಬದಲಿಸಲಿ. ಗುಂಡಿ ಒತ್ತಿದವರು ತಾವೇ ಕೇಳಲು ಆರಿಸಿಕೊಂಡವರು; ಅವರು ಕೊನೆಯವರೆಗೆ ನಿಲ್ಲುವ ಸಾಧ್ಯತೆ ಹೆಚ್ಚು.

ಮೊಬೈಲಿನ ಕ್ಯೂಆರ್ ಕೋಡ್ ಅಗ್ಗದ ದಾರಿ, ಆದರೆ ಕಣ್ಣು ಚಿತ್ರ ಬಿಟ್ಟು ಪರದೆಗೆ ಹೋಗುತ್ತದೆ. ಬಳಸುವುದಾದರೆ ಪುಟ ಪೂರ್ತಿ ಕಪ್ಪಗಿರಲಿ, ನಡುವೆ ಒಂದೇ ಗುಂಡಿ. 128 ಕೆಬಿಪಿಎಸ್‌ನ ಎರಡೂವರೆ ನಿಮಿಷದ ಕಡತ 2.4 ಎಂಬಿ ಆಗುತ್ತದೆ, ದುರ್ಬಲ ನೆಟ್‌ವರ್ಕಿನಲ್ಲೂ ತೆರೆಯುತ್ತದೆ. ಇಯರ್‌ಫೋನ್ ಇಲ್ಲದವರಿಗೆ ಬಾಗಿಲಲ್ಲೇ ಎರವಲು ಕೊಡದಿದ್ದರೆ ಮೊಬೈಲ್ ಸ್ಪೀಕರಿನಲ್ಲೇ ಹಚ್ಚುತ್ತಾರೆ. ಶ್ರವಣ ಸಾಧನ ಬಳಸುವವರಿಗಾಗಿ ಬೆಂಚಿನ ಸುತ್ತ ಇಂಡಕ್ಷನ್ ಲೂಪ್ (ದನಿಯನ್ನು ನೇರ ಆ ಸಾಧನಕ್ಕೆ ತಲುಪಿಸುವ ತಂತಿಯ ಸುತ್ತು) ಹಾಕಿಸಿ. ಸದ್ದು ತಾಳದವರಿಗಾಗಿ ವಾರದಲ್ಲಿ ಕೆಲವು ಗಂಟೆ ಪೂರ್ತಿ ಮೌನವಿರಲಿ, ಆ ಹೊತ್ತನ್ನು ಬಾಗಿಲಲ್ಲಿ ಬರೆದಿಡಿ.

ಸಾಹಿತ್ಯವಿರುವ ಹಾಡು ಸಾಮಾನ್ಯವಾಗಿ ಬೇಡ. ಕೇಳುವವರಿಗೆ ಅರ್ಥವಾಗುವ ಮಾತು ಕಿವಿಗೆ ಬಿದ್ದರೆ ಫಲಕ ಓದುವುದು ಕೆಡುತ್ತದೆ. ಎಲ್ಲರಿಗೂ ಗೊತ್ತಿರುವ ಧಾಟಿಯೂ ಬೇಡ: ಅದು ತನ್ನ ನೆನಪುಗಳನ್ನೇ ಹೊತ್ತು ತರುತ್ತದೆ, ಚಿತ್ರ ಪಕ್ಕಕ್ಕೆ ಸರಿಯುತ್ತದೆ. ಹಕ್ಕುಗಳ ವಿಷಯದಲ್ಲಿ ಒಂದೇ ಎಚ್ಚರ. ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಮುನ್ನೂರು ವರ್ಷ ಹಳೆಯ ಕೃತಿಯ ಹೊಸ ರೆಕಾರ್ಡಿಂಗ್‌ಗೂ ಅನುಮತಿ ಬೇಕು. ವಾದಕರೊಬ್ಬರನ್ನು ಕರೆಸಿ ನಿಮಗಾಗಿಯೇ ಎರಡೂವರೆ ನಿಮಿಷ ರೆಕಾರ್ಡ್ ಮಾಡಿಸಿ, ಬಳಕೆಯ ಒಪ್ಪಂದವನ್ನು ಲಿಖಿತವಾಗಿ ಮಾಡಿಕೊಳ್ಳುವುದೇ ಹಲವು ಸಲ ಸುಲಭ. ಚಿತ್ರಕ್ಕೆ ತಕ್ಕ ಖಾಲಿ, ತಕ್ಕ ತಿರುವು ಸಿಗುವುದೂ ಹಾಗೆಯೇ.

ಕಛೇರಿ ಇಟ್ಟರೆ?

ಸಿದ್ಧ ಸಂಗೀತಕ್ಕಿಂತ ಎದುರಿಗೆ ಕೂತು ನುಡಿಸುವುದು ಚೆನ್ನ ಎನ್ನುವವರಿದ್ದಾರೆ. ಚೆನ್ನವೇ, ಆದರೆ ಮ್ಯೂಸಿಯಂನಲ್ಲಿ ಕಛೇರಿ ಬೇರೆ, ಚಿತ್ರಕ್ಕಾಗಿ ಸಂಗೀತ ಬೇರೆ. ಎರಡನೆಯ ಮಹಾಯುದ್ಧದಲ್ಲಿ ಪಿಯಾನೊ ವಾದಕಿ ಮೈರಾ ಹೆಸ್ 1939ರಿಂದ 1946ರವರೆಗೆ ನ್ಯಾಷನಲ್ ಗ್ಯಾಲರಿಯಲ್ಲಿ ಮಧ್ಯಾಹ್ನದ ಕಛೇರಿಗಳನ್ನು ನಡೆಸಿದರು. ಬಾಂಬಿನ ಭಯಕ್ಕೆ ಚಿತ್ರಗಳನ್ನು ಊರಾಚೆ ಸಾಗಿಸಿದ್ದರು. ಬಹುಪಾಲು ಗೋಡೆಗಳು ಖಾಲಿ. ಆ ಸಂಗೀತ ಜನರಿಗೆ ಧೈರ್ಯ ಕೊಟ್ಟ ದೊಡ್ಡ ಕೆಲಸ, ಆದರೆ ಅದಕ್ಕೆ ಚಿತ್ರ ಬೇಕಿರಲಿಲ್ಲ. 2013ರಲ್ಲಿ ಅದೇ ಗ್ಯಾಲರಿ ವರ್ಮೀರ್ ಮತ್ತು ಸಂಗೀತದ ಪ್ರದರ್ಶನ ಮಾಡಿದಾಗ ಆ ಕಾಲದ ವಾದ್ಯಗಳನ್ನೂ ಇಟ್ಟು, ಆ ಕಾಲದ ಸಂಗೀತವನ್ನು ವಾದಕರಿಂದ ಅಲ್ಲೇ ನುಡಿಸಿತು. ಚಿತ್ರದಲ್ಲಿ ಕಂಡ ವಾದ್ಯದ ದನಿ ಪಕ್ಕದಲ್ಲೇ ಕೇಳುತ್ತಿತ್ತು. ನಿಮಗೆ ಬೇಕಾದದ್ದು ಈ ಎರಡನೆಯದು.

ವಾದಕರನ್ನು ಕೂರಿಸುವ ಜಾಗ ಮುಖ್ಯ. ಚಿತ್ರದ ಪಕ್ಕ ಕೂರಿಸಿದರೆ ಎಲ್ಲರ ಕಣ್ಣು ವಾದಕರ ಬೆರಳಿನ ಮೇಲೆ. ಅಷ್ಟು ಹೊತ್ತೂ ಚಿತ್ರ ಅನಾಥ. ಪ್ರೇಕ್ಷಕರ ಬೆನ್ನ ಹಿಂದೆ ಅಥವಾ ಓರೆಯಾಗಿ ಹಿಂಬದಿಗೆ ಕೂರಿಸಿ, ಪ್ರೇಕ್ಷಕರ ಕುರ್ಚಿ ಚಿತ್ರಕ್ಕೆ ಮುಖಮಾಡಿರಲಿ. ಚಿತ್ರಗಳಿಂದ ವಾದಕರಿಗೆ ಕನಿಷ್ಠ ಎರಡು ಮೀಟರ್ ಅಂತರ, ಬಿಲ್ಲು ಬೀಸುವವರಿಗೆ ಇನ್ನೂ ಹೆಚ್ಚು. ವಾದ್ಯದ ಪೆಟ್ಟಿಗೆಗಳು ಕೋಣೆಯ ಹೊರಗೆ. ಸ್ವರಪುಸ್ತಕದ ದೀಪ ಚಿತ್ರದ ಮೇಲೆ ಬೀಳದಿರಲಿ. ತಂತಿವಾದ್ಯದವರು ಅರ್ಧ ಗಂಟೆ ಮುಂಚೆ ಬಂದು ಆ ಕೋಣೆಯ ತೇವಾಂಶಕ್ಕೆ ವಾದ್ಯ ಹೊಂದಿದ ಮೇಲೆ ಶ್ರುತಿ ಮಾಡಿಕೊಳ್ಳಲಿ. ಒಂದು ಚಿತ್ರಕ್ಕೆ ಹತ್ತು ನಿಮಿಷ ಸಾಕು.

ಒಂದು ಚಿತ್ರದಿಂದ ಇನ್ನೊಂದಕ್ಕೆ ನಡೆಯುವ ಹೊತ್ತಿಗೂ ಏನಾದರೂ ಬೇಕೆನ್ನಿಸಿದರೆ ರಷ್ಯಾದ ಸಂಗೀತ ರಚನಕಾರ ಮುಸೋರ್ಗ್‌ಸ್ಕಿಯನ್ನು ನೆನೆಯಿರಿ. ಗೆಳೆಯ ಹಾರ್ಟ್‌ಮನ್ ತೀರಿಕೊಂಡ ಮರುವರ್ಷ, 1874ರಲ್ಲಿ, ಅವನ ಚಿತ್ರಗಳ ಪ್ರದರ್ಶನ ನೋಡಿ ಬಂದು ಬರೆದ ಪಿಯಾನೊ ಕೃತಿಯಲ್ಲಿ ಚಿತ್ರಗಳ ನಡುವೆ ನಡೆಯುವವನ ಸಂಗೀತವನ್ನು ಬೇರೆಯೇ ಇಟ್ಟ; ಐದು ಮತ್ತು ಆರು ಎಣಿಕೆಗಳು ಅದರಲ್ಲಿ ಅದಲುಬದಲಾಗಿ ಬರುತ್ತವೆ, ನಿಂತು ನಿಂತು ನಡೆಯುವವನ ಹೆಜ್ಜೆಯಂತೆ. ನಡೆಯುವುದಕ್ಕೆ ಒಂದು, ನಿಲ್ಲುವುದಕ್ಕೆ ಇನ್ನೊಂದು. ನಿಮ್ಮಲ್ಲಿ ನಡೆಯುವ ಹೊತ್ತಿಗೆ ಮೌನವೇ ಸಾಕು.

ಫಲ ಸಿಕ್ಕಿತೇ ಎಂದು ನೋಡುವುದು ಹೀಗೆ. ‘ಸಂಗೀತ ಇಷ್ಟವಾಯಿತೇ’ ಎಂದು ಕೇಳಲೇಬೇಡಿ. ಹೌದು ಎಂದೇ ಉತ್ತರ ಬರುತ್ತದೆ. ಎರಡು ವಾರ, ದಿನ ಬಿಟ್ಟು ದಿನ ಸಂಗೀತ ಇಡಿ, ಅದೇ ಗಂಟೆಗಳಲ್ಲಿ ಪ್ರತಿ ಬಗೆಯ ದಿನಗಳಿಂದ 50 ಜನರನ್ನು ಗಮನಿಸಿ. ನಿಂತ ಹೊತ್ತನ್ನು ಬರೆದುಕೊಳ್ಳಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಕಣ್ಣು ಮುಚ್ಚಿ ಕೇಳುತ್ತ ನಿಂತವರೂ ಅದರಲ್ಲಿ ಸೇರಿರುತ್ತಾರೆ. ಬಾಗಿಲ ಬಳಿ ಒಂದೇ ಪ್ರಶ್ನೆ ಕೇಳಿ: ‘ಆ ಚಿತ್ರದಲ್ಲಿ ಏನೇನಿತ್ತು ಹೇಳ್ತೀರಾ?’ ಹೇಳಿದ್ದನ್ನೆಲ್ಲ ಬರೆದುಕೊಂಡು, ನೀವು ಗುರಿಯಿಟ್ಟ ಆ ತಡವಾಗಿ ಕಾಣುವ ವಸ್ತುವನ್ನು ಎಷ್ಟು ಜನ ಹೇಳಿದರು ಎಂದು ಎಣಿಸಿ. ಸಂಗೀತದ ದಿನ ದೋಣಿಯನ್ನು ಹೇಳಿದವರು ಮೌನದ ದಿನಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಆ ಟ್ರ್ಯಾಕ್ ಉಳಿಯಲಿ. ಇಲ್ಲದಿದ್ದರೆ ತಿದ್ದಿ, ಮತ್ತೆರಡು ವಾರ ನೋಡಿ. ಎರಡನೆಯ ಸಲವೂ ವ್ಯತ್ಯಾಸ ಬಾರದಿದ್ದರೆ ಸ್ಪೀಕರನ್ನು ಅಲ್ಲಿಂದ ಇಳಿಸಿ ಬೆಂಚನ್ನು ಮಾತ್ರ ಬಿಡಿ, ಇನ್ನೊಂದು ಚಿತ್ರಕ್ಕೆ ಹೋಗಿ.